ಎಂಜಿನ್ನಿಲ್ಲದ ಗೂಡ್ಸ್ ಗಾಡಿ

ನಮ್ಮ ಕಡೆ ಹಳೆಯ ಮನೆಯೊಂದನ್ನು ಕೆಡಹುವಾಗ ಮೊದಲು ಇಳಿಯುವುದು ಹಂಚು. ಆಮೇಲೆ ರೀಪು, ಪಕ್ಕಾಸು, ತೊಲೆ. ಕಡೆಗೆ ಕಂಬ ಮತ್ತು ಬಾಗಿಲು. ಇವೆಲ್ಲಕ್ಕೂ ಗಿರಾಕಿಗಳುಂಟು. ಕೆತ್ತನೆಯ ಬಾಗಿಲಾದರೆ ಅದನ್ನು ಕೊಂಡು ಬೆಂಗಳೂರಿನ ಹೋಟೆಲಿನ ಗೋಡೆಗೆ ನಿಲ್ಲಿಸುವವರೂ ಇದ್ದಾರೆ. ಆದರೆ ಹಂಚಿಗೂ ಮುಂಚೆ ಇಳಿಯುವ ಇನ್ನೊಂದು ರಾಶಿಯಿದೆ. ಅದು ಅಟ್ಟದ ಮೇಲಿನದು. ಹಿಡಿ ಹೋದ ಕೊಡಪಾನ, ಗಾಜೊಡೆದ ಲಾಟೀನು, ಯಾರದೋ ಮದುವೆಯ ಟ್ರಂಕು, ಮೂರೇ ಕಾಲಿನ ಮಣೆ. ಈ ರಾಶಿಗೆ ಬೆಲೆಯೆಂಬುದಿಲ್ಲ. ತೂಕ ಮಾತ್ರ ಇದೆ. ಅದನ್ನು ಗುಜರಿಯವನು ತಕ್ಕಡಿಗಿಟ್ಟು ಒಯ್ಯುತ್ತಾನೆ. ಮನೆಯವರು ಜಾಗ ಖಾಲಿಯಾಯಿತೆಂದು ಸಂತೋಷಪಡುತ್ತಾರೆ.

ಕುಂದಾಪುರದಲ್ಲಿ ಹೊಳೆಯ ಬದಿಗಿದ್ದ ನಮ್ಮ ಹಿರಿಯರ ಮನೆಗೂ ಕೆಲವು ವರ್ಷಗಳ ಕೆಳಗೆ ಇದೇ ಗತಿಯಾಯಿತು. ಪಾಲಿನ ಲೆಕ್ಕ ಮುಗಿದಿತ್ತು; ನಾನು ಸುಮ್ಮನೆ ನೋಡುವುದಕ್ಕೆಂದು ಹೋಗಿ ಅಂಗಳದಲ್ಲಿ ನಿಂತಿದ್ದೆ. ಗುಜರಿಯ ಹುಡುಗ ಒಂದು ಬಿಸ್ಕತ್ತಿನ ಡಬ್ಬಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ, "ಹ್ವಾಯ್, ಇದ್ರೊಳ್ಗ್ ಎಂಥದೋ ಗಾಡಿ ಇತ್ತ್, ಬೇಕಾ?" ಎಂದು ಕೇಳಿದ. ಬೇಕು ಎಂದೆ. ಅವನು ಕೇಳದೆ ಹೋಗಿದ್ದರೆ ಈ ಲೇಖನವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಡಬ್ಬಿಯಲ್ಲಿದ್ದುದು ತಗಡಿನ ಮೂರು ಆಟಿಕೆಯ ವ್ಯಾಗನ್ನುಗಳು. ಒಂದು ಮೇಲು ತೆರೆದದ್ದು; ಒಂದು ಬಾಗಿಲುಳ್ಳ ಮುಚ್ಚಿದ ಡಬ್ಬಿ; ಇನ್ನೊಂದು ಎಣ್ಣೆಯ ಪೀಪಾಯಿಯನ್ನು ಅಡ್ಡ ಮಲಗಿಸಿದಂತಿರುವ ಟ್ಯಾಂಕು. ಎಂಜಿನ್ ಇರಲಿಲ್ಲ, ಹಳಿಯೂ ಇರಲಿಲ್ಲ. ಕಳೆದುಹೋದವಲ್ಲ, ಮೊದಲಿನಿಂದಲೂ ನಮ್ಮ ಮನೆಯಲ್ಲಿ ಅವು ಇರಲೇ ಇಲ್ಲ. ಬೊಂಬಾಯಿಯ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದ ನಮ್ಮ ದೊಡ್ಡಪ್ಪಯ್ಯ, ಇಂಗ್ಲಿಷಿನವರು ದೇಶ ಬಿಟ್ಟು ಹೋದ ಕೆಲವು ವರ್ಷಗಳಲ್ಲಿ, ಚೋರ್ ಬಜಾರಿನ ಹಳೆಯ ಸಾಮಾನಿನ ನಡುವೆ ಇವನ್ನು ಕಂಡು ನನ್ನ ಅಣ್ಣನಿಗೆಂದು ಕೊಂಡು ತಂದರಂತೆ. ಎಂಜಿನ್ನಿಗೆ ಅಂಗಡಿಯವನು ಹೇಳಿದ ಬೆಲೆಯನ್ನು ಕೇಳಿ ಅದನ್ನು ಅಲ್ಲಿಯೇ ಬಿಟ್ಟರಂತೆ. ಲೆಕ್ಕದ ಮನುಷ್ಯ, ಎಳೆಯುವ ಕೆಲಸಕ್ಕೆ ಹುಡುಗನ ಕೈಯೇ ಸಾಕು ಎಂದು ಅವರಿಗೆ ತೋರಿರಬೇಕು. ಅವರ ಎಣಿಕೆ ತಪ್ಪಲಿಲ್ಲ. ಮುಂದಿನ ವ್ಯಾಗನ್ನಿನ ಕೊಂಡಿಗೆ ಬಾಳೆಯ ನಾರು ಕಟ್ಟಿ, ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ನಾವು ವರ್ಷಗಟ್ಟಲೆ ಗೂಡ್ಸ್ ಗಾಡಿಯನ್ನು ನಡೆಸಿದೆವು.

ಈಚೆಗೆ ಈ ವಸ್ತುಗಳ ವಿಷಯವನ್ನು ತಕ್ಕಮಟ್ಟಿಗೆ ಓದಿ ತಿಳಿದುಕೊಂಡಿದ್ದೇನೆ. ಇವು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ತಯಾರಾದ ಹಾರ್ನ್‌ಬಿ ಗಾಡಿಗಳು. 1901ರಲ್ಲಿ ತೂತುಪಟ್ಟಿಗಳನ್ನು ಬೋಲ್ಟು ನಟ್ಟುಗಳಿಂದ ಜೋಡಿಸುವ ಆಟಿಕೆಗೆ ಹಕ್ಕುಪತ್ರ ಪಡೆದ ಫ್ರಾಂಕ್ ಹಾರ್ನ್‌ಬಿ ಎಂಬಾತ, ಅದನ್ನೇ ಮುಂದೆ ಮೆಕಾನೋ ಎಂದು ಕರೆದು ಲೋಕಪ್ರಸಿದ್ಧ ಮಾಡಿ, 1920ರಲ್ಲಿ ಕೀಲಿ ಕೊಟ್ಟರೆ ಓಡುವ ರೈಲುಗಳನ್ನು ಹೊರತಂದ. ಮೊದಮೊದಲ ವ್ಯಾಗನ್ನುಗಳನ್ನು ಮೆಕಾನೋದ ಹಾಗೆಯೇ ಬಿಚ್ಚಿ ಮತ್ತೆ ಜೋಡಿಸಬಹುದಾಗಿತ್ತು. ಹಳಿಗಳ ನಡುವಣ ಅಂತರ 32 ಮಿಲಿಮೀಟರ್. ನಮ್ಮ ದೇಶದ ದೊಡ್ಡ ಹಳಿಯ ಅಂತರ 1676 ಮಿಲಿಮೀಟರ್ ಎಂಬುದನ್ನು ನೆನೆದರೆ ಇದರ ಪ್ರಮಾಣ ಎಷ್ಟೆಂದು ಹೊಳೆದೀತು. ಈ ಕಂಪೆನಿಯ ಪಟ್ಟಿಯಲ್ಲಿ ಎಂಜಿನ್ನುಗಳಿಗಿಂತ ಸರಕಿನ ಡಬ್ಬಿಗಳದೇ ವೈಭವ. ಪೆಟ್ರೋಲಿನದು, ಬಿಸ್ಕತ್ತಿನದು, ಬಾಳೆಯ ಹಣ್ಣಿನದು, ದನಗಳದು, ಮರದ ದಿಮ್ಮಿಯದು, ಹಾಲಿನ ಕ್ಯಾನುಗಳದು, ಮದ್ದಿನದು. ಮದ್ದೆಂದರೆ ಔಷಧವಲ್ಲ, ಸಿಡಿಮದ್ದು! ಮಕ್ಕಳ ಕೋಣೆಗೆ ಸಿಡಿಮದ್ದಿನ ಡಬ್ಬಿಯನ್ನೂ ಕೊಡಬೇಕೆಂದು ತೋರಿದ ಆ ಕಾಲದ ಬುದ್ಧಿಗೆ ಏನೆನ್ನಬೇಕೋ ತಿಳಿಯದು.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಅಮೆರಿಕದ ಲಯೊನೆಲ್ ಕಂಪೆನಿಯನ್ನು ಆರಂಭಿಸಿದ ಜೋಶುವಾ ಲಯೊನೆಲ್ ಕವನ್, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರ ಕಿಟಕಿಯಲ್ಲಿ ಗಿರಾಕಿಗಳ ಕಣ್ಣು ಸೆಳೆಯುವುದಕ್ಕೆಂದು ವಿದ್ಯುತ್ತಿನಿಂದ ತಾನೇ ಓಡುವ ಒಂದು ಗಾಡಿಯನ್ನು ಮಾಡಿಕೊಟ್ಟ. ಅದು ಎಂಜಿನ್ನಲ್ಲ, ಸರಕನ್ನಿಟ್ಟು ತೋರಿಸುವ ತೆರೆದ ಮರದ ವ್ಯಾಗನ್ನು. ಬಂದ ಗಿರಾಕಿಗಳು ಅದರಲ್ಲಿದ್ದ ಸರಕನ್ನು ಬಿಟ್ಟು ವ್ಯಾಗನ್ನನ್ನೇ ಕೇಳಿದರು. ಅಷ್ಟು ದೊಡ್ಡ ಆಟಿಕೆಯ ಉದ್ಯಮ ಹುಟ್ಟಿದ್ದು ಒಂದು ಗೂಡ್ಸ್ ಡಬ್ಬಿಯಿಂದ.

ಹೀಗಿದ್ದರೂ ಉಳಿಸುವ ಮಾತು ಬಂದಾಗ ಲೋಕ ಎಂಜಿನ್ನಿನ ಕಡೆಗೆ ನೋಡುತ್ತದೆ. ಮೈಸೂರಿನಲ್ಲಿ 1979ರಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿ ಮಕ್ಕಳು ಮೊದಲು ಓಡುವುದು ಉಗಿಯಂತ್ರದ ಬಳಿಗೆ. ಹಿರಿಯರು ಮಹಾರಾಣಿಯವರ ಸಲೂನಿನ ಕಿಟಕಿಗೆ ಹಣೆ ಹಚ್ಚುತ್ತಾರೆ. ಉಪ್ಪು, ಸೀಮೆಎಣ್ಣೆ, ಹುಲ್ಲು, ಸಿಮೆಂಟು ಹೊತ್ತು ದೇಶವನ್ನು ಸಾಕಿದ ನಾಲ್ಕು ಗಾಲಿಯ ವ್ಯಾಗನ್ನಿನ ಬಳಿ ಯಾರೂ ಭಾವಚಿತ್ರ ತೆಗೆಸಿಕೊಂಡದ್ದನ್ನು ನಾನು ಕಾಣೆ. ಎಂಟು ಗಾಲಿಯ ಉದ್ದನೆಯ ವ್ಯಾಗನ್ನುಗಳು ಬಂದ ಮೇಲೆ ಆ ಚಿಕ್ಕವು ಕಬ್ಬಿಣದ ಬೆಲೆಗೆ ಹೋದವು. ಮೀಟರ್ ಗೇಜಿನ ಹಳಿಗಳನ್ನು ಕಿತ್ತು ದೊಡ್ಡ ಹಳಿ ಹಾಕುವ ಕೆಲಸ 1992ರಿಂದ ದೇಶದಾದ್ಯಂತ ನಡೆದಾಗ ಆ ಹಳಿಯ ಡಬ್ಬಿಗಳಿಗೂ ಅದೇ ದಾರಿಯಾಯಿತು. ಆಟಿಕೆಯ ಲೋಕದಲ್ಲಿಯೂ ಇದೇ ಪಂಕ್ತಿಭೇದ. ಎಂಜಿನ್ನು ಕಪಾಟಿನಲ್ಲಿ, ವ್ಯಾಗನ್ನು ಅಟ್ಟದಲ್ಲಿ.

ನಮ್ಮ ಕರಾವಳಿಯ ಮಟ್ಟಿಗೆ ಈ ಮಾತಿಗೆ ಇನ್ನೊಂದು ಮುಖವುಂಟು. ಮಂಗಳೂರಿಗೆ 1907ರಲ್ಲಿಯೇ ರೈಲು ಬಂದಿತ್ತು. ಅಲ್ಲಿಂದ ಸುಮಾರು 90 ಕಿಲೋಮೀಟರ್ ಉತ್ತರಕ್ಕಿರುವ ನಮ್ಮೂರಿಗೆ ಅದು ಬರಲು ಮತ್ತೆ ಎಂಟು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಕೊಂಕಣ ರೈಲ್ವೆಯ ಕಂಪೆನಿ ಸ್ಥಾಪನೆಯಾದದ್ದು 1990ರಲ್ಲಿ. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗಿನ ಇಡೀ ಮಾರ್ಗದ ಉದ್ಘಾಟನೆಯಾದದ್ದು 1998ರ ಜನವರಿ 26ರಂದು. ಆ ಹೊತ್ತಿಗೆ ದೇಶದಲ್ಲಿ ಉಗಿಯ ಕಾಲ ಮುಗಿದಿತ್ತು. ಬಾರ್ಕೂರು, ಕುಂದಾಪುರ, ಸೇನಾಪುರ, ಬಿಜೂರು, ಬೈಂದೂರುಗಳು ಉಗಿಬಂಡಿಯ ಮುಖವನ್ನೇ ಕಾಣದೆ ನೇರವಾಗಿ ಡೀಸೆಲ್ ಬಂಡಿಯನ್ನು ಕಂಡವು. 2022ರಿಂದ ಪೂರ್ತಿ ಮಾರ್ಗಕ್ಕೆ ವಿದ್ಯುತ್ತಿನ ತಂತಿಯೂ ಬಂದಿದೆ. ಹಾಗಾಗಿ ಉಗಿಯ ಕಾಲದ ನಾಲ್ಕು ಗಾಲಿಯ ಗೂಡ್ಸ್ ಡಬ್ಬಿ ಎಂಬುದು ಈ ನೆಲದಲ್ಲಿ ಎಲ್ಲಿಯಾದರೂ ಓಡಿದ್ದರೆ ಅದು ನಮ್ಮಂಥ ಮನೆಗಳ ಜಗಲಿಯ ಮೇಲೆ, ಬಾಳೆಯ ನಾರಿನ ತುದಿಗೆ.

ಅದು ಏನನ್ನು ಹೊತ್ತಿತೆಂದು ಕೇಳಿರಿ. ತೆರೆದ ವ್ಯಾಗನ್ನಿನಲ್ಲಿ ಮಂಜೊಟ್ಟಿ ಬೀಜ. ಅದು ಅಕ್ಕನ ಚೆನ್ನೆಮಣೆಯಿಂದ ಕದ್ದದ್ದು. ಆಷಾಢದ ಮಳೆಯಲ್ಲಿ ಆಕೆ ಚೆನ್ನೆ ಆಡಲು ಕೂತಾಗ ಎಣಿಕೆಗೆ ಬೀಜ ಸಾಲದೆ ನಮ್ಮ ಗೂಡ್ಸನ್ನು ನಿಲ್ಲಿಸಿ ಶೋಧನೆ ನಡೆಯುತ್ತಿತ್ತು. ಹಂಚಿನ ಚೂರು, ಅದು ಮಂಗಳೂರು ಹಂಚಿನ ಸಾಗಣೆ. ಹುಣಸೆಯ ಬೀಜ, ಅದು ಕರಿಬೀಜವೆಂಬ ಹೆಸರಿನ ರಫ್ತು. ಒಮ್ಮೆ ಗಂಗೊಳ್ಳಿಯಿಂದ ಬಂದ ಒಣಸಿಗಡಿಯನ್ನು ತುಂಬಿದ್ದಕ್ಕೆ ಮನೆಯೆಲ್ಲ ನಾತವಾಗಿ ಅಪ್ಪಯ್ಯನಿಂದ ಪೆಟ್ಟು ತಿಂದದ್ದು ನೆನಪಿದೆ. ದೋಣಿ ದಾಟದೆ ಎಲ್ಲಿಗೂ ಹೋಗಲಾಗದಿದ್ದ ಆ ಊರಿನ ಹುಡುಗರು ನಿಜವಾದ ಗೂಡ್ಸ್ ಗಾಡಿಯನ್ನು ಕಾಣುವ ಮೊದಲೇ ಅದರ ವ್ಯಾಪಾರವನ್ನೆಲ್ಲ ಕಲಿತಿದ್ದರು.

ಇನ್ನು ದುರಸ್ತಿಯ ವಿಚಾರ. ಇದನ್ನು ತುಸು ವಿವರವಾಗಿ ಹೇಳಬೇಕು. ಏಕೆಂದರೆ ಇಂಥ ವಸ್ತು ಕೈಗೆ ಸಿಕ್ಕ ಮನೆಯವರು ಪ್ರೀತಿಯಿಂದಲೇ ಅದನ್ನು ಕೊಲ್ಲುವುದನ್ನು ಕಂಡಿದ್ದೇನೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ, ಗಾಳಿಯಲ್ಲಿ ಉಪ್ಪು ತೇಲುವ ಊರು ನಮ್ಮದು. ಇಲ್ಲಿ ತಗಡಿಗೆ ಮೊದಲ ವೈರಿ ತುಕ್ಕು. ಅಡುಗೆಮನೆಯ ಮೇಲಿನ ಅಟ್ಟದ ಹೊಗೆ ಮರವನ್ನು ಹುಳುವಿನಿಂದ ಕಾಯುತ್ತದೆ. ತಗಡಿಗೆ ಅದು ಜಿಡ್ಡಿನ ಮಸಿಯ ಪೊರೆಯನ್ನು ಕೊಡುತ್ತದೆ. ಆ ಪೊರೆಯನ್ನು ಕಂಡ ಕೂಡಲೇ ನಮ್ಮ ಹೆಂಗಸರ ಕೈ ಹುಣಸೆಹುಳಿ ಮತ್ತು ಬೂದಿಯ ಕಡೆಗೆ ಹೋಗುತ್ತದೆ. ಹಿತ್ತಾಳೆಯ ಚೆಂಬಿಗೆ ಅದು ಸರಿ. ಬಣ್ಣ ಹಚ್ಚಿದ ತಗಡಿಗೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಗಂಡಸರ ಕೈ ತೆಂಗಿನೆಣ್ಣೆಯ ಕಡೆಗೆ ಹೋಗುತ್ತದೆ. ಅದು ಒಂದು ಮಳೆಗಾಲದಲ್ಲಿ ಕಮಟಿ, ಅಂಟಾಗಿ, ಗಾಲಿಯನ್ನು ಅಚ್ಚಿಗೆ ಕಚ್ಚಿಸಿಬಿಡುತ್ತದೆ. ಹೊಲಿಗೆಯಂತ್ರದ ತೆಳುವಾದ ಎಣ್ಣೆಯೊಂದೇ ಸಾಕು. ಅದನ್ನು ಹತ್ತಿಗೆ ತಾಗಿಸಿ, ಮೊದಲು ಅಡಿಭಾಗದ ಕಾಣದ ಮೂಲೆಯಲ್ಲಿ ಒರೆಸಿ, ಹತ್ತಿಗೆ ಮಸಿ ಬರುತ್ತದೆಯೋ ಬಣ್ಣ ಬರುತ್ತದೆಯೋ ನೋಡಿಕೊಂಡು ಮುಂದುವರಿಯಬೇಕು. ಬಣ್ಣ ಬಂದರೆ ಅಲ್ಲಿಗೇ ನಿಲ್ಲಬೇಕು. ಮುಚ್ಚಿದ ಡಬ್ಬಿಯ ಒಂದು ಬದಿಯನ್ನು ಹೀಗೆ ಒರೆಸಲು ನನಗೆ ಮೂರು ಸಂಜೆ ಹಿಡಿಯಿತು.

ಈ ಗಾಡಿಗಳ ಮೇಲಿನ ಅಕ್ಷರಗಳು ಕುಂಚದಿಂದ ಬರೆದವಲ್ಲ. ತೆಳುವಾದ ಪೊರೆಯ ಮೇಲಿನ ಅಕ್ಷರವನ್ನು ಬಣ್ಣದ ಮೇಲೆ ಅಂಟಿಸಿ ಅದರ ಮೇಲೆ ವಾರ್ನಿಷ್ ಬಳಿದಿರುತ್ತಾರೆ. ಸ್ಪಿರಿಟ್ ತಾಗಿದರೆ ವಾರ್ನಿಷ್ ಹೋಗುತ್ತದೆ, ಅದರ ಹಿಂದೆಯೇ ಅಕ್ಷರ. ಅಕ್ಷರ ಹೋದರೆ ಹೋಗಲಿ ಎನ್ನುವಂತಿಲ್ಲ. ಅದು ವ್ಯಾಗನ್ನಿನ ಜಾತಕ. ಇಂಗ್ಲೆಂಡಿನ ಹತ್ತಾರು ರೈಲ್ವೆ ಕಂಪೆನಿಗಳು 1923ರಲ್ಲಿ ನಾಲ್ಕಾಗಿ ಕೂಡಿಕೊಂಡವು. 1948ರಲ್ಲಿ ಆ ನಾಲ್ಕೂ ಸರಕಾರದ ಸೊತ್ತಾದವು. ಆಟಿಕೆಯ ಕಂಪೆನಿ ಇದನ್ನೆಲ್ಲ ಅನುಸರಿಸಿ ಅಕ್ಷರ ಬದಲಿಸುತ್ತಿತ್ತು. ಎಲ್.ಎಂ.ಎಸ್. ಎಂದಿದ್ದರೆ ಅದು 1923ಕ್ಕಿಂತ ಹಿಂದಿನದಾಗಿರಲಾರದು. ಅಕ್ಷರದ ಗಾತ್ರವನ್ನೂ ಬಣ್ಣವನ್ನೂ ನೋಡಿ ಇನ್ನೂ ಹತ್ತಿರದ ಕಾಲವನ್ನು ಹೇಳಬಲ್ಲ ಬಲ್ಲವರಿದ್ದಾರೆ.

ಬಿಡಿಭಾಗಗಳನ್ನು ಹಿಡಿದಿಡುವುದು ತಗಡಿನ ಚಿಕ್ಕ ನಾಲಗೆಗಳು. ಸೀಳಿನೊಳಗೆ ತೂರಿಸಿ ಹಿಂದಕ್ಕೆ ಮಡಚಿರುತ್ತಾರೆ. ಒಂದು ಸಲ ಬಿಡಿಸಿದರೆ ತಾಳೀತು. ಎರಡನೆಯ ಸಲಕ್ಕೆ ಮುರಿಯುತ್ತದೆ. ಹಿಂದಿನವನು ಯಾರಾದರೂ ಒಮ್ಮೆ ಬಿಡಿಸಿದ್ದಾನೋ ಇಲ್ಲವೋ ನಮಗೆ ತಿಳಿಯದಾದ ಕಾರಣ ಬಿಡಿಸದಿರುವುದೇ ಲೇಸು. ಗಾಲಿಗಳದು ಬೇರೆಯೇ ಕಥೆ. ಆ ಕಾಲದ ಕೆಲವು ಗಾಲಿಗಳು ಸತುವಿನ ಮಿಶ್ರಲೋಹದ ಎರಕ. ಎರಕದಲ್ಲಿ ಸೀಸದ ಕಲಬೆರಕೆ ತುಸುವೇ ಇದ್ದರೂ ಸಾಕು, ಲೋಹದ ಕಣಕಣಗಳ ನಡುವೆ ಕೊರೆತ ಹಿಡಿದು, ವರ್ಷಗಳು ಕಳೆದಂತೆ ಗಾಲಿ ಉಬ್ಬಿ, ಬಿರಿದು, ಹಳೆಯ ಸುಣ್ಣದ ಗಾರೆಯಂತೆ ಉದುರುತ್ತದೆ. ತೇವವೂ ಬಿಸಿಯೂ ಅದಕ್ಕೆ ಅನುಕೂಲ. ಅಂದರೆ ನಮ್ಮೂರು ಅದಕ್ಕೆ ಹೇಳಿ ಮಾಡಿಸಿದ ಊರು. ಇದಕ್ಕೆ ಔಷಧವಿಲ್ಲ. ಟ್ಯಾಂಕಿನ ನಾಲ್ಕು ಗಾಲಿಗಳಲ್ಲಿ ಮೂರು ಹೀಗೆ ಹೋಗಿದ್ದವು. ಅವುಗಳ ಬದಲಿಗೆ ಹೊಸದನ್ನು ಹಾಕುವುದಲ್ಲದೆ ಗತ್ಯಂತರವಿರಲಿಲ್ಲ; ಹಾಕಿದ್ದೇನೆ. ಉದುರಿದ ಹಳೆಯದರ ಚೂರುಗಳನ್ನೂ ಒಂದು ಪೊಟ್ಟಣದಲ್ಲಿ ಕಟ್ಟಿಟ್ಟಿದ್ದೇನೆ. ಮನೆಯವರು ನಗುತ್ತಾರೆ.

ಇಷ್ಟರವರೆಗೆ ಯಾರೂ ಜಗಳಕ್ಕೆ ಬರಲಾರರು. ಜಗಳವಿರುವುದು ಬಣ್ಣದಲ್ಲಿ. ಹಳೆಯ ಆಟಿಕೆಯನ್ನು ಉದ್ಧಾರ ಮಾಡುವುದೆಂದರೆ ಅದನ್ನು ಅಂಗಡಿಯಿಂದ ಬಂದ ದಿನದ ಹಾಗೆ ಮಾಡುವುದು ಎಂಬ ಒಂದು ಪಕ್ಷವಿದೆ. ಹಳೆಯ ಬಣ್ಣವನ್ನೆಲ್ಲ ಕೆರೆದು, ಡೊಂಕನ್ನು ತಟ್ಟಿ, ಹೊಸ ಬಣ್ಣ ಹೊಡೆದು, ಅಕ್ಷರಗಳನ್ನು ಹೊಸದಾಗಿ ತರಿಸಿ ಅಂಟಿಸುತ್ತಾರೆ. ಕೈಕೆಲಸದ ಚಾತುರ್ಯ ಅದರಲ್ಲಿ ನಿಶ್ಚಯವಾಗಿ ಇದೆ. ನನಗೆ ಅದರ ಮೇಲೆ ಅಸೂಯೆಯೂ ಇದೆ. ಆದರೂ ಅದು ತಪ್ಪೆಂದೇ ನನ್ನ ಅಭಿಪ್ರಾಯ. ಗಾಡಿ ಉರುಳುವಂತೆ ಮಾಡಿರಿ, ತುಕ್ಕನ್ನು ನಿಲ್ಲಿಸಿರಿ, ಮುಂದಕ್ಕೆ ಕೈ ಹಾಕಬೇಡಿರಿ. ಈ ಮಾತನ್ನು ಪುಸ್ತಕ ಓದಿ ಹೇಳುತ್ತಿಲ್ಲ. ತಪ್ಪು ಮಾಡಿ ಹೇಳುತ್ತಿದ್ದೇನೆ.

ನನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ಸೈಕಲ್ಲಿಗೆಂದು ತಂದ ಹಸುರು ಎನಾಮಲ್ ಬಣ್ಣ ಅರ್ಧ ಡಬ್ಬಿ ಮಿಕ್ಕಿತ್ತು. ಅಣ್ಣ ಆಗ ಬೊಂಬಾಯಿಗೆ ಹೋಗಿ ಒಂದು ವರ್ಷವಾಗಿತ್ತು. ದೊಡ್ಡಪ್ಪಯ್ಯನ ಹೋಟೆಲಿನಲ್ಲಿಯೇ ಕೆಲಸ. ತೆರೆದ ವ್ಯಾಗನ್ನಿನ ಹಳೆಯ ಬೂದುಬಣ್ಣ ನನಗೆ ಕೊಳಕಾಗಿ ಕಂಡಿತು. ಅದರ ಒಂದು ಬದಿಯಲ್ಲಿ ಎಲ್.ಎಂ.ಎಸ್. ಎಂದಿತ್ತು, ಇಂಗ್ಲಿಷ್ ಅಕ್ಷರ ಕಲಿಯುತ್ತಿದ್ದಾಗ ಅದನ್ನು ಕೂಡಿಸಿ ಓದಲು ಹೋಗಿ ಸೋತದ್ದರಿಂದ ಚೆನ್ನಾಗಿ ನೆನಪಿದೆ. ಇನ್ನೊಂದು ಬದಿಯಲ್ಲಿ ಅಣ್ಣ ಮೊಳೆಯಿಂದ ಗೀರಿ "ಗಂಗೊಳ್ಳಿ" ಎಂದು ಬರೆದಿದ್ದ. ಸರಕು ಹೋಗಿ ಸೇರಬೇಕಾದ ಊರು ಅದು. ಹೊಳೆಯ ಆಚೆ ದಡದಲ್ಲಿ, ನಮ್ಮ ಜಗಲಿಯಿಂದ ಕಾಣುವ ಊರು. ಅಲ್ಲಿಗೆ ಹಳಿಯಿರಲಿಲ್ಲ, ಸೇತುವೆಯೂ ಇರಲಿಲ್ಲ. ಒತ್ತಕ್ಷರದ ಕೊಂಬು ಒಂದು ತಪ್ಪಿ ಎರಡು ಗೀರಾಗಿತ್ತು. ನಾನು ಆ ಗೀರುಗಳಿಗೆ ಕಿಟಕಿಯ ಗಾಜಿಗೆ ಮೆತ್ತುವ ಪುಟ್ಟಿಯನ್ನು ತುಂಬಿ, ನಯವಾಗಿ ಉಜ್ಜಿ, ಎರಡು ಸಲ ಹಸುರು ಬಳಿದೆ. ಬಹಳ ಚೆನ್ನಾಗಿ ಕಂಡಿತು. ಅಣ್ಣ ರಜೆಯಲ್ಲಿ ಊರಿಗೆ ಬಂದಾಗ ತೋರಿಸಿದೆ. ಅವನು ಅದನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಲಾಯ್ಕ್ ಆಯ್ತ್ ಮಾರಾಯ" ಎಂದಷ್ಟೇ ಹೇಳಿ ಡಬ್ಬಿಯಲ್ಲಿಟ್ಟ. ಅಣ್ಣ ಈಗಿಲ್ಲ.

ಅಂಗಳದಲ್ಲಿ ಗುಜರಿಯ ಹುಡುಗನ ಕೈಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಳ ತೆರೆದಾಗ ಮೇಲೆಯೇ ಕಂಡದ್ದು ಆ ಹಸುರು. ಅದನ್ನು ತೆಗೆಯಲು ಪ್ರಯತ್ನಿಸದೆ ಇರಲಿಲ್ಲ. ತಳದ ಒಂದು ಮೂಲೆಯಲ್ಲಿ ತಿನ್ನರ್ ತಾಗಿಸಿ ನೋಡಿದೆ. ನನ್ನ ಹಸುರು ಕರಗಿತು. ಅದರೊಡನೆ ಕೆಳಗಿನ ಬೂದುಬಣ್ಣವೂ ಕರಗಿ ಒಂದೇ ಕೆಸರಾಗಿ ಹತ್ತಿಗೆ ಬಂತು. ಎರಡನ್ನೂ ಬೇರ್ಪಡಿಸಿ ತೆಗೆಯುವಷ್ಟು ವಿದ್ಯೆ ನನ್ನಲ್ಲಿಲ್ಲ. ನಿಲ್ಲಿಸಿಬಿಟ್ಟೆ.

ಇದು ಭಾವುಕತೆ ಎನ್ನುವವರಿರಬಹುದು. ಅದಕ್ಕಿಂತ ಬಲವಾದ ಆಕ್ಷೇಪವೊಂದನ್ನು ನಮ್ಮ ಸೀಮೆಯೇ ಎತ್ತುತ್ತದೆ. ಅದನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ಬ್ರಹ್ಮಾವರ ತಾಲೂಕಿನ ಶಿರಿಯಾರದ ಬಳಿಯ ಮೆಕ್ಕೆಕಟ್ಟಿಗೆ ಹೋದವರು ಅಲ್ಲಿಯ ನಂದಿಕೇಶ್ವರನ ಗುಡಿಯಲ್ಲಿ ಸಾಲುಸಾಲಾಗಿ ನಿಂತ ಮರದ ಮೂರ್ತಿಗಳನ್ನು ನೋಡಿರುತ್ತಾರೆ. ಕೆಂಪು, ಹಳದಿ, ಹಸುರು ಬಣ್ಣಗಳಲ್ಲಿ ಹೊಳೆಯುವ ಅವು ಹೊಸವು. ಜೀರ್ಣವಾದ ಹಳೆಯ ಮೂರ್ತಿಗಳನ್ನು ಕಾಣಬೇಕಾದರೆ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಭಗ್ನವಾದ ಮೂರ್ತಿಗೆ ಪೂಜೆ ಸಲ್ಲದೆಂಬುದು ನಮ್ಮ ನಡವಳಿ. ಅಲ್ಲಿ ನವೀಕರಣವೇ ಧರ್ಮ. ಹೊಳೆಯ ನಡುವಿನ ಉಪ್ಪಿನಕುದ್ರುವಿನಲ್ಲಿ ಕಾಮತರ ಮನೆತನ ತಲೆಮಾರುಗಳಿಂದ ಆಡಿಸುತ್ತ ಬಂದಿರುವ ಯಕ್ಷಗಾನದ ಬೊಂಬೆಗಳನ್ನು ನೋಡಿರಿ. ಬೊಂಬೆಯ ಮುಖದ ಬಣ್ಣ ಮಾಸಿದರೆ ಮತ್ತೆ ಬಳಿಯಬೇಕು, ಉಡುಪು ಹರಿದರೆ ಬೇರೆ ಉಡಿಸಬೇಕು. ಇಲ್ಲವಾದರೆ ರಂಗದ ಮೇಲೆ ಅದು ಪಾತ್ರವಾಗದು. ಹಾಗಿರುವಾಗ ತಗಡಿನ ಒಂದು ಆಟದ ಗಾಡಿಗೆ ಮಾತ್ರ ಈ ಮಡಿ ಏಕೆ?

ಈ ಪ್ರಶ್ನೆಯನ್ನು ನಾನು ಬಹುಕಾಲ ಮಥಿಸಿದ್ದೇನೆ. ನನಗೆ ಹೊಳೆದಷ್ಟು ಇದು: ಆ ಮೂರ್ತಿಗೆ ಪೂಜೆಯ ಕೆಲಸ ಇನ್ನೂ ಇದೆ, ಬೊಂಬೆಗೆ ಆಟದ ಕೆಲಸ ಇನ್ನೂ ಇದೆ. ಅವುಗಳ ಬಣ್ಣವನ್ನು ಹೊಸದು ಮಾಡುವವನು ಆ ಕೆಲಸದೊಳಗಿನವನು; ಅವನ ಅಜ್ಜ ಬಳಿದ ಬಣ್ಣದ ಮೇಲೆ ಅವನು ಬಳಿಯುತ್ತಾನೆ, ಅವನ ಮಗ ಅದರ ಮೇಲೆ ಬಳಿಯುತ್ತಾನೆ. ನಮ್ಮ ಹಾರ್ನ್‌ಬಿ ವ್ಯಾಗನ್ನಿಗೆ ಹಾಗೆ ಮುಂದುವರಿಯುವ ಸಂತತಿಯಿಲ್ಲ. ಮೆಕಾನೋ ಕಂಪೆನಿ 1964ರಲ್ಲಿ ಬೇರೆಯವರ ವಶವಾಗಿ, ಲಿವರ್‌ಪೂಲಿನ ಕಾರ್ಖಾನೆ 1979ರಲ್ಲಿ ಬಾಗಿಲು ಮುಚ್ಚಿತು. ಅದನ್ನು ಆಡಿದ ಮಕ್ಕಳು ಮುದುಕರಾಗಿದ್ದಾರೆ ಅಥವಾ ತೀರಿಕೊಂಡಿದ್ದಾರೆ. ಅದಕ್ಕೆ ಈಗ ಉಳಿದಿರುವ ಕೆಲಸವೆಂದರೆ ತನ್ನ ಮೇಲೆ ಆದದ್ದನ್ನು ತೋರಿಸುವುದು. ಆ ಕೆಲಸಕ್ಕೆ ಹೊಸ ಬಣ್ಣ ಅಡ್ಡಿ. ಓಡಬೇಕಾದ ಗಾಡಿ ಬೇಕೆನ್ನುವವರಿಗೆ ಬೇರೆ ದಾರಿಗಳಿವೆ. ಪುಣೆಯಲ್ಲಿ ಜೋಶಿಯವರ ಕಿರುರೈಲುಗಳ ಸಂಗ್ರಹಾಲಯ 1998ರಿಂದ ಇದೆ. ಅಲ್ಲಿ ಇಡೀ ಊರನ್ನೇ ಕಟ್ಟಿ, ದೀಪ ಹಚ್ಚಿ, ಗಾಡಿಗಳನ್ನು ಓಡಿಸಿ ತೋರಿಸುತ್ತಾರೆ. ಅಲ್ಲಿ ಥಳಥಳಿಸುವ ಗಾಡಿಯೇ ಚೆನ್ನ.

ಹಣದ ಮಾತನ್ನೂ ಆಡಿಬಿಡಬೇಕು. ಹಳೆಯ ಆಟಿಕೆಗೆ ಈಗ ಬೆಲೆ ಬಂದಿದೆ. ಬೆಲೆ ಬಂದ ಕಡೆ ಮೋಸವೂ ಬಂದೇ ಬರುತ್ತದೆ. ಹೊಸದಾಗಿ ಬಣ್ಣ ಹೊಡೆದದ್ದನ್ನು ಮೂಲದ ಬಣ್ಣವೆಂದು ಹೇಳುವುದು, ಸಾಮಾನ್ಯವಾದ ಡಬ್ಬಿಗೆ ವಿರಳವಾದ ಡಬ್ಬಿಯ ಅಕ್ಷರಗಳನ್ನು ಅಂಟಿಸುವುದು, ಎರಡು ಮುರುಕುಗಳಿಂದ ಒಂದು ಇಡಿಯನ್ನು ಮಾಡಿ ಅದೇ ಮೂಲವೆನ್ನುವುದು ಇವೆಲ್ಲ ಎಲ್ಲ ದೇಶಗಳಲ್ಲಿಯೂ ನಡೆದಿದೆ. ಕೋಲ್ಮನ್ನಿನ ಸಾಸಿವೆಯ ಹೆಸರುಳ್ಳ ಹಾರ್ನ್‌ಬಿ ಡಬ್ಬಿ 1923ರ ಸುಮಾರಿಗೆ ಬಂದು ಬೇಗನೆ ನಿಂತುಹೋದುದರಿಂದ ಬಹಳ ದುರ್ಲಭ. ಇಂಥದಕ್ಕೆ ನಕಲು ಹುಟ್ಟುವುದು ಸಹಜವೇ. ದುರಸ್ತಿಗಾರ ಪ್ರಾಮಾಣಿಕನಾಗಿದ್ದರೂ ಅವನ ಕೈಯಿಂದ ವಸ್ತು ದಾಟಿ ಮೂರನೆಯವನಿಗೆ ಹೋಗುವಾಗ ಅವನ ಪ್ರಾಮಾಣಿಕತೆ ಜೊತೆಗೆ ಹೋಗುವುದಿಲ್ಲ. ಆದುದರಿಂದ ಮಾಡಿದ ರಿಪೇರಿಯನ್ನು ವಸ್ತುವಿನ ಜೊತೆಯಲ್ಲಿಯೇ ಬರೆದಿಡಬೇಕು. ತಳದಲ್ಲಿ ಒಂದು ಗುರುತು, ಜೊತೆಗೆ ಒಂದು ಚೀಟಿ. ಮುಚ್ಚಿಡಬೇಕೆಂದು ತೋರುವ ದುರಸ್ತಿಯನ್ನು ಮಾಡದಿರುವುದೇ ಒಳ್ಳೆಯದು.

ಇಂಥವನ್ನು ಎಲ್ಲಿ ಇಡುವುದೆಂಬ ಪ್ರಶ್ನೆ ಉಳಿಯಿತು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಕಂಬಕಂಬವಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಗುಜರಿಗೆ ಹೋಗುತ್ತಿದ್ದ ಎಷ್ಟೋ ಗೃಹೋಪಯೋಗಿ ಸಾಮಾನುಗಳಿಗೆ ನೆಲೆ ಕೊಟ್ಟರು. ಅಂಥವರು ಊರಿಗೊಬ್ಬರು ಹುಟ್ಟುವುದಿಲ್ಲ. ಅಷ್ಟು ದೊಡ್ಡ ಆಸೆಯೂ ನನಗಿಲ್ಲ. ಕುಂದಾಪುರ, ಬೈಂದೂರು, ಬಾರ್ಕೂರುಗಳ ರೈಲು ನಿಲ್ದಾಣಗಳಲ್ಲಿ ಒಂದೊಂದು ಗಾಜಿನ ಕಪಾಟು. ಒಳಗೆ ಸುಣ್ಣದ ಹರಳಿನ ಒಂದು ಬಟ್ಟಲು, ತೇವ ಹೀರುವುದಕ್ಕೆ. ಮತ್ತು ಆ ಸೀಮೆಯ ಮನೆಗಳ ಅಟ್ಟದಿಂದ ಇಳಿದ ಇಂಥ ನಾಲ್ಕು ಸಾಮಾನು. ಗಾಡಿ ಬರುವುದಕ್ಕೆ ತಡವಾದಾಗ ಜನ ನೋಡಿಯಾರು. ಗಾಡಿ ತಡವಾಗುವ ವಿಷಯದಲ್ಲಿ ಅನುಮಾನವಿಲ್ಲದ ಕಾರಣ ವೀಕ್ಷಕರ ಕೊರತೆಯೂ ಆಗಲಾರದು.

ಮೊನ್ನೆ ಕುಂದಾಪುರದ ನಿಲ್ದಾಣದಲ್ಲಿ ನಾನೂ ಹೀಗೆಯೇ ಕಾಯುತ್ತಿದ್ದೆ. ಚಪ್ಪಟೆಯಾದ ವ್ಯಾಗನ್ನುಗಳ ಮೇಲೆ ತುಂಬಿದ ಲಾರಿಗಳನ್ನು ಸಾಲಾಗಿ ನಿಲ್ಲಿಸಿಕೊಂಡ ಗಾಡಿಯೊಂದು ಸುರತ್ಕಲ್ಲಿನ ಕಡೆಗೆ ಹೋಯಿತು. 1999ರಲ್ಲಿ ಕೊಂಕಣ ರೈಲ್ವೆ ಆರಂಭಿಸಿದ ಏರ್ಪಾಡು ಅದು. ಲಾರಿಯ ಚಾಲಕರು ತಮ್ಮ ತಮ್ಮ ಲಾರಿಯೊಳಗೇ ಕೂತು, ಕಾಲು ಚಾಚಿ, ಹಳಿಯ ಮೇಲೆ ಪ್ರಯಾಣ ಮಾಡುತ್ತಿದ್ದರು. ಲಾರಿಯ ಬೆನ್ನಿನ ಮೇಲೆ ಸರಕು, ವ್ಯಾಗನ್ನಿನ ಬೆನ್ನಿನ ಮೇಲೆ ಲಾರಿ. ಅಣ್ಣ ಇದನ್ನು ಕಂಡಿದ್ದರೆ ಬಹಳ ಮೆಚ್ಚುತ್ತಿದ್ದ. ಜಗಲಿಯ ಮೇಲೆ ಅವನು ತೆರೆದ ವ್ಯಾಗನ್ನಿನಲ್ಲಿ ಬೆಂಕಿಪೆಟ್ಟಿಗೆಯ ಲಾರಿಯನ್ನು ಏರಿಸಿ ಇದನ್ನೇ ಮಾಡುತ್ತಿದ್ದ.

ಮೂರು ವ್ಯಾಗನ್ನುಗಳೂ ಈಗ ನನ್ನ ಮೇಜಿನ ಮೇಲಿವೆ. ಹಲಗೆಯನ್ನು ತುಸು ಓರೆ ಮಾಡಿ ಬಿಟ್ಟರೆ ಮೂರೂ ಉರುಳುತ್ತವೆ. ಟ್ಯಾಂಕು ಹೊಸ ಗಾಲಿಯ ಹೆಮ್ಮೆಯಲ್ಲಿ ತುಸು ಮುಂದಾಗಿ ಹೋಗುತ್ತದೆ. ಮುಚ್ಚಿದ ಡಬ್ಬಿಯ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಮಂಜೊಟ್ಟಿ ಬೀಜವನ್ನು ಅಲ್ಲಿಯೇ ಬಿಟ್ಟಿದ್ದೇನೆ. ಅದರ ಪಕ್ಕದಲ್ಲಿ ಮಡಿಸಿಟ್ಟ ಚೀಟಿಯಲ್ಲಿ ಹೀಗೆ ಬರೆದಿದ್ದೇನೆ: "ಟ್ಯಾಂಕಿನ ಮೂರು ಗಾಲಿಗಳು ಹೊಸವು, ಹಳೆಯವು ಪೊಟ್ಟಣದಲ್ಲಿವೆ. ಮುಚ್ಚಿದ ಡಬ್ಬಿಗೆ ಎಣ್ಣೆಯ ಹೊರತು ಏನನ್ನೂ ತಾಗಿಸಿಲ್ಲ. ತೆರೆದ ವ್ಯಾಗನ್ನಿನ ಹಸುರು ಬಣ್ಣ ನಾನು ಬಳಿದದ್ದು. ಅದರ ಕೆಳಗೆ ಒಂದು ಬದಿಯಲ್ಲಿ ಎಲ್.ಎಂ.ಎಸ್. ಎಂದೂ, ಇನ್ನೊಂದು ಬದಿಯಲ್ಲಿ ಅಣ್ಣನ ಕೈಯಿಂದ ಗಂಗೊಳ್ಳಿ ಎಂದೂ ಇದೆ. ಬಣ್ಣವನ್ನು ಬೇರೆ ಬೇರೆಯಾಗಿ ತೆಗೆಯಬಲ್ಲವರು ಸಿಕ್ಕಿದರೆ ತೆಗೆಯಿಸತಕ್ಕದ್ದು. ಅಲ್ಲಿಯವರೆಗೆ ಕೆರೆಯಬಾರದು."